ಹೊಳೆದಂಡೆಯ ಕ್ಯಾಂಪಿಗೆ ಬಂದ ನೆಂಟರು

ಈಗ ನಮ್ಮ ಸಕಲೇಶಪುರದ ಸುತ್ತ ಗುಡ್ಡಕ್ಕೊಂದು ರೆಸಾರ್ಟು, ತಿರುವಿಗೊಂದು ಹೋಂಸ್ಟೇ. ಅಲ್ಲಿ ಕೆಲಸಕ್ಕೆ ಸೇರುವ ಹುಡುಗ ಹುಡುಗಿಯರು ಕುತ್ತಿಗೆಗೆ ಗುರುತಿನ ಚೀಟಿ ನೇತುಹಾಕಿಕೊಂಡು, ಬಂದವರಿಗೆಲ್ಲ ಕೈಮುಗಿದು, ಹಣೆಗೆ ಕುಂಕುಮ ಇಟ್ಟು, ಕಲಿಸಿದ ಮಾತನ್ನು ಗಿಳಿಯಂತೆ ಒಪ್ಪಿಸುತ್ತಾರೆ. ನೋಡಲಿಕ್ಕೆ ಚೆಂದ. ಅವರಲ್ಲಿ ಒಂದಿಬ್ಬರು ನಮ್ಮ ಮನೆಯ ಜಗಲಿಗೆ ಬಂದು, "ತಾತ, ನಿಮ್ ಕಾಲದಲ್ಲಿ ಈ ಕೆಲ್ಸ ಹೆಂಗಿತ್ತು?" ಎಂದು ಕೇಳಿದ್ದರಿಂದ ಇದನ್ನು ಬರೆಯಲು ಕೂತಿದ್ದೇನೆ. ಬುದ್ಧಿ ಹೇಳುವ ಚಾಳಿ ನನಗೆ ಮೊದಲಿನಿಂದಲೂ ಉಂಟು. ಬೇಸರ ಬಂದ ಕಡೆ ಹಾಳೆ ತಿರುವಿಬಿಡಿ, ನನಗೇನೂ ಕೋಪವಿಲ್ಲ.

ನನ್ನ ಊರು ಆಲೂರು ತಾಲ್ಲೂಕಿನ ಪಾಳ್ಯದ ಕಡೆ. ವಯಸ್ಸಿಗೆ ಬರುತ್ತಲೇ ದೋಣಿಗಲ್ ಕೆಳಗಿನ ಒಂದು ಕಾಫಿ ಎಸ್ಟೇಟಿಗೆ ರೈಟರ್ ಆಗಿ ಸೇರಿದೆ. ರೈಟರ್ ಅಂದರೆ ಬೆಳಿಗ್ಗೆ ಆಳುಗಳ ಹಾಜರಿ ಹಾಕುವವನು, ಯಾರು ಯಾವ ಪಟ್ಟಿಗೆ, ಅಂದರೆ ತೋಟದ ಯಾವ ಭಾಗಕ್ಕೆ, ಕೆಲಸಕ್ಕೆ ಹೋಗಬೇಕೆಂದು ಹೇಳುವವನು, ಸಾಯಂಕಾಲ ಹಣ್ಣಿನ ತೂಕ ನೋಡುವವನು. ಅದೇ ಕೆಲಸದಲ್ಲಿ ತಲೆ ನರೆಯಿತು. ಹಾಗೇ ಮುಗಿಯುತ್ತಿತ್ತೋ ಏನೋ, ಅಷ್ಟರಲ್ಲಿ ಎರಡು ಸಂಗತಿ ಒಟ್ಟಿಗೆ ನಡೆದವು. ಘಾಟಿಯ ರೈಲುದಾರಿಯನ್ನು ಅಗಲ ಮಾಡುತ್ತೇವೆಂದು ರೈಲು ನಿಲ್ಲಿಸಿದರು. ಅದರ ಬೆನ್ನಿಗೇ ಕಾಫಿ ಬೆಲೆ ನೆಲಕಚ್ಚಿತು.

ರೈಲು ನಿಂತದ್ದೇ ತಡ, ಪಟ್ಟಣದ ಜನ ಖಾಲಿ ಹಳಿಯ ಮೇಲೆ ನಡೆಯುವುದಕ್ಕೆಂದು ಬರತೊಡಗಿದರು. ಬೆನ್ನಿಗೊಂದು ಚೀಲ, ತಲೆಗೊಂದು ಟೋಪಿ. ಎಡಕುಮೇರಿ ಕಡೆಗೆ ಹೋಗುತ್ತಿದ್ದರು, ಸುರಂಗ ಹೊಕ್ಕು ಬಾವಲಿಗಳನ್ನು ಎಬ್ಬಿಸುತ್ತಿದ್ದರು, ದಾರಿಯಲ್ಲಿ ಆಳುಗಳಿರುವ ನಮ್ಮ ಲೈನ್ ಮನೆಗಳ ಹತ್ತಿರ ನೀರು ಕೇಳುತ್ತಿದ್ದರು. ಯಜಮಾನರು ಇದನ್ನೆಲ್ಲ ನೋಡಿ ಒಂದು ದಿನ ನನ್ನನ್ನು ಸ್ಟೋರ್ ಹತ್ತಿರ ಕರೆಸಿದರು.

"ರೈಟ್ರೇ, ಹೊಳೆ ಪಕ್ಕದ ಗದ್ದೆ ಬೀಳುಬಿದ್ದೈತಲ್ಲ, ಅಲ್ಲಿ ಡೇರೆ ಹಾಕಣ. ಹೆಂಡ್ರು ಮಕ್ಳು ಕರ್ಕಂಡ್ ಬರೋರಿಗೆ ಮಾತ್ರ. ಬಾಟ್ಲಿ ತರೋ ಗುಂಪಿಗೆ ಗೇಟ್ ತಗೀಬ್ಯಾಡಿ. ನೋಡ್ಕಳೋರು ನೀವೇ."

"ಓಟ್ಲು ವ್ಯವಹಾರ ನಂಗೇನ್ ಗೊತ್ತು ಯಜಮಾನ್ರೇ?"

"ಇಷ್ಟ್ ವರ್ಷ ಆಳು ನೋಡ್ಕಂಡೋರು ನೆಂಟ್ರನ್ನ ನೋಡ್ಕಳಾಕಾಗಲ್ವೇನ್ರೀ?"

ಆಳು ನೋಡಿಕೊಳ್ಳುವುದೇ ಬೇರೆ, ನೆಂಟರನ್ನು ನೋಡಿಕೊಳ್ಳುವುದೇ ಬೇರೆ ಎಂದು ಮೊದಲ ಕ್ರಿಸ್‌ಮಸ್ ರಜೆಯಲ್ಲೇ ಗೊತ್ತಾಯಿತು. ಎಸ್ಟೇಟಿನಲ್ಲಿ ಹಾಜರಿಗೆ ಗಂಟೆ ಹೊಡೆಯುವುದು ಪದ್ಧತಿ. ಗಂಟೆ ಎಂದರೆ ಮರಕ್ಕೆ ನೇತುಹಾಕಿದ ಹಳೆಯ ಹಳಿಯ ತುಂಡು. ಕ್ಯಾಂಪಿಗೂ ಅಂಥದ್ದೊಂದು ಬೇಡವೇ ಎಂದುಕೊಂಡು ಅತ್ತಿಮರಕ್ಕೆ ಒಂದನ್ನು ಕಟ್ಟಿಸಿದ್ದೆ. ಬೆಳಕು ಹರಿಯುತ್ತಲೇ ಹೋಗಿ ನಾಲ್ಕು ಬಾರಿಸಿದೆ. ಡೇರೆಗಳ ಜಿಪ್ಪುಗಳೆಲ್ಲ ಒಮ್ಮೆಲೇ ಬಿಚ್ಚಿಕೊಂಡವು. ಒಬ್ಬರು ಮಗುವನ್ನು ಕಂಕುಳಲ್ಲಿ ಅವುಚಿಕೊಂಡು, "ಆನೆ ಬಂತಾ?" ಎನ್ನುತ್ತ ಹೊಳೆಯ ಕಡೆ ಓಡಿದರು. ಇನ್ನೊಬ್ಬರು ಕಂಬಳಿ ಸಮೇತ ಕಾರು ಹತ್ತಿ ಕೂತರು. ನಾನು ಮಾತ್ರ ಹಾಜರಿ ಪುಸ್ತಕ ಬಿಡಿಸಿಕೊಂಡು ಒಂದೊಂದೇ ಡೇರೆಯ ಹೆಸರು ಕೂಗುತ್ತ ನಿಂತಿದ್ದೆ. ಮಂಕಿ ಕ್ಯಾಪು ಹಾಕಿದ್ದ ಮೈಸೂರಿನ ಹಿರಿಯರೊಬ್ಬರು ಮುಂದೆ ಬಂದು ಕೈಯೆತ್ತಿ, "ಪ್ರೆಸೆಂಟ್ ಸಾರ್! ಕೂಲಿ ಎಷ್ಟು ಕೊಡ್ತೀರಿ?" ಎಂದರು. ಆಮೇಲೆ ಇಡೀ ಕ್ಯಾಂಪು ನಕ್ಕದ್ದು ಮೇಲಿನ ಬಂಗಲೆಗೂ ಕೇಳಿಸಿತಂತೆ.

ಯಜಮಾನರು ಇಳಿದು ಬಂದವರು, "ಏನ್ ಮಾರಾಯ ನೀನು, ದುಡ್ಡು ಕೊಟ್ಟು ಮಲಗಾಕ್ ಬಂದೋರ್ನ ಎಬ್ಬುಸ್ತೀಯಲ್ಲ!" ಎಂದು ತಲೆ ಚಚ್ಚಿಕೊಂಡರು. ಅವರು ನನ್ನನ್ನು ಏಕವಚನದಲ್ಲಿ ಕರೆದರೆ ಒಂದೋ ಬಹಳ ಕೋಪ, ಇಲ್ಲವೋ ಬಹಳ ಖುಷಿ. ಆ ದಿನ ಯಾವುದೆಂದು ನನಗೆ ತಿಳಿಯಲಿಲ್ಲ. ಮಾರನೆಯ ದಿನ ಮಕ್ಕಳೇ ಗಂಟೆ ಹೊಡೆಯಲು ಸರದಿ ನಿಂತವು. ತಿಂಡಿ ಆದಾಗ ಹೊಡೆಯಿರಿ ಎಂದು ಬಿಟ್ಟುಕೊಟ್ಟೆ.

ಅಡುಗೆ ಗಂಗಮ್ಮನದು. ಅವಳು ಲೈನಿನ ಹೆಣ್ಣುಮಗಳು, ಹಣ್ಣು ಬಿಡಿಸುವುದರಲ್ಲಿ ಎಷ್ಟು ಚುರುಕೋ ಬಾಯಲ್ಲೂ ಅಷ್ಟೇ. ಕ್ಯಾಂಪಿಗೆ ಹೆಸರು ಬಂದದ್ದು ಅವಳ ಅಕ್ಕಿರೊಟ್ಟಿ, ಹುಚ್ಚೆಳ್ಳು ಚಟ್ನಿಯಿಂದ. ದೂರು ಬಂದದ್ದೂ ಅದರಿಂದಲೇ. ನಮ್ಮ ಕಡೆ ನೆಂಟರು ಸಾಕು ಎಂದರೆ ಇನ್ನೊಂದು ಹಾಕು ಎಂದರ್ಥ. ಎಲೆಯ ಮೇಲೆ ಕೈ ಅಡ್ಡ ಇಟ್ಟರೆ ಕೈಯ ಮೇಲೇ ರೊಟ್ಟಿ ಬೀಳುತ್ತದೆ. ಬೆಂಗಳೂರಿನ ಒಬ್ಬ ಹೆಣ್ಣುಮಗಳು ಕಣ್ಣಲ್ಲಿ ನೀರು ತುಂಬಿಕೊಂಡು, "ನನಗೆ ನಿಜವಾಗಲೂ ಆಗಲ್ಲ, ದಯವಿಟ್ಟು ಇವರಿಗೆ ಹೇಳಿ" ಎಂದು ನನ್ನ ಹತ್ತಿರ ಬಂದಳು. ಪಾತ್ರೆಗಳನ್ನು ನಡುವೆ ಇಟ್ಟುಬಿಡು, ಬೇಕಾದವರು ಹಾಕಿಕೊಳ್ಳಲಿ ಎಂದದ್ದಕ್ಕೆ ಗಂಗಮ್ಮ ಸೌಟು ನೆಲಕ್ಕೆ ಕುಕ್ಕಿದಳು.

"ತಮಗೆ ತಾವೇ ಬಡುಸ್ಕಳೋದಾ? ಯಾಕೆ, ನಾವೇನ್ ಸತ್ತೋಗಿದೀವಾ?"

ಒಂದು ವಾರ ನನ್ನ ಜೊತೆ ಮಾತು ಬಿಟ್ಟಳು. ಕಾಫಿಗೆ ಮಾತ್ರ ಸಕ್ಕರೆ ಸರಿಯಾಗಿಯೇ ಹಾಕುತ್ತಿದ್ದಳು.

ಇಂಬಳದ, ಅಂದರೆ ರಕ್ತ ಹೀರುವ ಜಿಗಣೆಯ, ವಿಚಾರ ಹೇಳಲೇಬೇಕು. ಮಳೆಗಾಲ ಮುಗಿದ ಮೇಲೂ ಹುಲ್ಲಿನಲ್ಲಿ ಇಂಬಳ ಇರುತ್ತದೆ. ಹೇಳಿದರೆ ಜನ ಹೆದರಿ ವಾಪಸು ಹೋಗುತ್ತಾರೆಂದು ಮೊದಮೊದಲು ನಾವು ಬಾಯಿಬಿಡುತ್ತಿರಲಿಲ್ಲ. ಹೊಸದಾಗಿ ಮದುವೆಯಾದ ಒಂದು ಜೋಡಿ ಬಂತು. ಹುಡುಗಿಯ ಹಿಮ್ಮಡಿಗೆ ಹತ್ತಿದ್ದನ್ನು ಗಂಡ ಶೂರನಂತೆ ಕಿತ್ತೆಸೆದ, ರಕ್ತ ನೋಡಿ ಅವನೇ ಕುಸಿದು ಕೂತ. ಗಂಗಮ್ಮ ಹೊಗೆಸೊಪ್ಪು ಸುಣ್ಣ ಹಚ್ಚುತ್ತ, "ಹೊಟ್ಟೆ ತುಂಬಿದ್ರೆ ಅದೇ ಬಿದ್ದೋಗ್ತೈತೆ ಕಣವ್ವ, ಕೆಲವು ನೆಂಟ್ರ ಹಂಗಲ್ಲ" ಎಂದಳು. ಆ ಹುಡುಗಿ ನಕ್ಕಳು, ಗಂಡನಿಗೆ ನಗು ಬರಲಿಲ್ಲ. ಅಂದಿನಿಂದ ಗೇಟಿನಲ್ಲೇ, ಚೀಲ ಇಳಿಸುವ ಮೊದಲೇ, ಇಂಬಳ ಇದೆ ಎಂದು ಹೇಳತೊಡಗಿದೆ. ಒಬ್ಬರೂ ವಾಪಸು ಹೋಗಲಿಲ್ಲ. ಮೊದಲೇ ತಿಳಿದಿದ್ದರೆ ಜನ ಅದನ್ನೂ ಒಂದು ಮಜಾ ಎಂದೇ ಎಣಿಸುತ್ತಾರೆ, ಮರೆಮಾಚಿದರೆ ಮೋಸ ಎನ್ನುತ್ತಾರೆ. ನಿಮ್ಮ ಸ್ನಾನದ ನೀರು ಬಿಸಿ ಬರುವುದಿಲ್ಲವೆಂದಾದರೂ ಹಾಗೇ ಮೊದಲೇ ಹೇಳಿ.

ಕಾಲ ಬೇಗ ಬದಲಾಯಿತು. ಕಾಫಿ ಒಣಗಿಸುವ ಟಾರ್ಪಾಲು ಹೊಲಿದು ಒಂದೆರಡು ಡೇರೆ ಮಾಡಿದ್ದೆವು. ಅವು ಹೋಗಿ ಎಲ್ಲವೂ ಅಂಗಡಿಯವೇ ಆದವು. ಬರುತ್ತೇವೆಂದು ಕಾಗದ ಬರೆಯುತ್ತಿದ್ದವರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡುವಂತಾದರು, ಆಮೇಲೆ ಮೊಬೈಲಿನಿಂದ ತಿರುವು ತಿರುವಿಗೂ ದಾರಿ ಕೇಳುವಂತಾದರು. ಹಳಿಯ ಮೇಲೆ ಮತ್ತೆ ಗೂಡ್ಸು ಓಡತೊಡಗಿದಾಗ ನಡಿಗೆ ನಿಂತುಹೋಯಿತು. ಈಗ ಯಾರಾದರೂ ಅತಿಥಿಗಳನ್ನು ಹಳಿಯ ಮೇಲೆ ಕರೆದುಕೊಂಡು ಹೋದರೆ ಅದು ಕಾನೂನಿಗೂ ವಿರುದ್ಧ, ಜೀವಕ್ಕೂ ಅಪಾಯ. ಮುಂದೆ ಹೇಳಲಿರುವುದು ರೈಲೇ ಇಲ್ಲದಿದ್ದ ಕಾಲದ ಮಾತು, ನನ್ನ ಹೆಸರು ಹೇಳಿಕೊಂಡು ಹೊರಟೀರಿ ಜೋಕೆ.

ಅಷ್ಟು ವರ್ಷಗಳಲ್ಲಿ ಬಂದ ಸಂಸಾರಗಳಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ನೆನಪಿರುವುದು ತಿಪಟೂರು ಕಡೆಯ ಒಂದು ಕುಟುಂಬ. ದಸರಾ ಕಳೆದ ಮೇಲೆ, ಬಿಸಿಲು ಹದವಾಗಿದ್ದ ದಿನಗಳಲ್ಲಿ ಒಂದು ವ್ಯಾನು ತುಂಬ ಬಂದರು. ಹಿರಿಯಣ್ಣ ಶಿವಲಿಂಗಪ್ಪ, ಕೊಬ್ಬರಿ ಮಂಡಿಯ ಸಾಹುಕಾರರು. ಹಣೆತುಂಬ ವಿಭೂತಿ, ಗಡಸು ದನಿ. ಅವರ ಹೆಂಡತಿ ಪಾರ್ವತಮ್ಮ. ಶಿವಲಿಂಗಪ್ಪನವರ ತಮ್ಮ ನಾಗರಾಜ, ಅವನ ಹೆಂಡತಿ, ಎರಡೂ ಕಡೆಯ ಮಕ್ಕಳು. ಹೆಸರುಗಳನ್ನು ನಾನು ಬದಲಿಸಿ ಬರೆದಿದ್ದೇನೆ.

ಇಳಿದ ಕೂಡಲೇ ಶಿವಲಿಂಗಪ್ಪ ಯಾರಿಗೆ ಯಾವ ಡೇರೆ ಎಂದು ಹಂಚತೊಡಗಿದರು. ನಾಗರಾಜ ತನ್ನ ಚೀಲ ಎತ್ತಿಕೊಂಡು ಹೋಗಿ ಎಲ್ಲಕ್ಕಿಂತ ಕೊನೆಯ ಡೇರೆಯಲ್ಲಿ ಇಟ್ಟ. ಊಟದ ಹೊತ್ತಿಗೆ ಅವನ ಹೆಂಡತಿ ತಟ್ಟೆಗಳಿಗೆ ಹಾಕಿಸಿಕೊಂಡು ಆ ಡೇರೆಗೇ ಒಯ್ದಳು. ಶಿವಲಿಂಗಪ್ಪ ಕೈತೊಳೆದು ಕೂತವರು ಆ ಕಡೆ ಒಂದು ಸಲ ನೋಡಿ, ತಟ್ಟೆಯನ್ನು ಅರ್ಧಕ್ಕೇ ಬಿಟ್ಟು ಎದ್ದರು.

ಸಂಜೆ ಪಾರ್ವತಮ್ಮ ಅಡುಗೆಮನೆಗೆ ಬಂದು ಗಂಗಮ್ಮನ ಪಕ್ಕದಲ್ಲಿ ಕೂತರು. ಒಲೆಯ ಮುಂದೆ ಕೂತ ಹೆಂಗಸರು ಎಲ್ಲವನ್ನೂ ಹೇಳಿಕೊಳ್ಳುತ್ತಾರೆ. ನಾನು ಸೌದೆ ಜೋಡಿಸುವ ನೆಪದಲ್ಲಿ ಅಲ್ಲೇ ಇದ್ದೆ.

"ಇವ್ರ ತಂಗಿ ಮದ್ವೇನ ಇವ್ರೊಬ್ರೇ ನಿಶ್ಚಯ ಮಾಡ್ಬುಟ್ರು ಕಣವ್ವ, ನಾಗರಾಜನ್ನ ಒಂದ್ ಮಾತು ಕೇಳ್ಲಿಲ್ಲ. ಅವತ್ತಿಂದ ಅವ್ನು ಅಣ್ಣ ಅಂತ ಬಾಯ್ಬಿಟ್ಟು ಕರ್ದಿಲ್ಲ. ಊರಿಗ್ ಹೋದ್ಮೇಲೆ ಆಸ್ತಿ ಪಾಲಂತೆ. ಪಾಲಾಗೋಕ್ ಮುಂಚೆ ಒಂದೇ ಒಂದ್ಸಲ ಎಲ್ರೂ ಒಂದ್ ಪಂಕ್ತೀಲಿ ಕೂತು ಉಣ್ಬೇಕು ಅಂತ ಇವ್ರಿಗೆ ಆಸೆ. ಅದುಕ್ಕೇ ಇಷ್ಟ್ ದೂರ ಕರ್ಕಂಡ್ ಬಂದ್ರು. ಬಾರೋ ಅಂತ ಕರಿಯೋಕೆ ಬಿಗುಮಾನ."

"ಅವ್ನಿಗೂ ಹಂಗೇ ಇರ್ತೈತೆ ಬಿಡಿ" ಎಂದಳು ಗಂಗಮ್ಮ.

ನಾನು ಆಗಲೇ ಲೆಕ್ಕ ಹಾಕಿದೆ. ಕ್ಯಾಂಪಿನಲ್ಲಿದ್ದರೆ ತಾನೇ ತಟ್ಟೆ ಎತ್ತಿಕೊಂಡು ಡೇರೆಗೆ ಹೋಗುವುದು? ಮಾರನೆಯ ದಿನ ಎಲ್ಲರನ್ನೂ ಹಳಿಯ ಮೇಲೆ ನಡೆಸಿಕೊಂಡು ಹೋಗಿ, ದೊಡ್ಡ ಸೇತುವೆ ದಾಟಿದ ಕೂಡಲೇ ಸಿಗುವ ಹುಲ್ಲುಹಾಸಿನಲ್ಲಿ ಊಟಕ್ಕೆ ಕೂರಿಸಿದರೆ ಆಯಿತು. ಎಲ್ಲರ ಊಟವೂ ಒಂದೇ ಡಬರಿಯಲ್ಲಿ. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಗಂಗಮ್ಮ ಮಾತ್ರ, "ಅಲ್ಲೂ ಬೇರೆ ಕೂರ್ಬೇಕು ಅಂದ್ರೆ ಬಂಡೆಗೇನು ಬರಗಾಲವಾ?" ಎಂದು ಗೊಣಗಿದಳು.

ಮಾರನೆಯ ದಿನ ಹೊರಟೆವು. ನಾಗರಾಜನ ಸಂಸಾರ ಎಲ್ಲರಿಗಿಂತ ಮುಂದೆ, ಶಿವಲಿಂಗಪ್ಪನವರದು ಹಿಂದೆ. ಗಂಗಮ್ಮ ಪುಳಿಯೋಗರೆಯ ಡಬರಿಯನ್ನು ತಲೆಯ ಮೇಲೆ ಹೊತ್ತು, ಊಟದೆಲೆಯ ಕಟ್ಟನ್ನು ಕಂಕುಳಲ್ಲಿ ಇಟ್ಟುಕೊಂಡು ನನ್ನ ಜೊತೆ ಕೊನೆಯಲ್ಲಿ. ಸುರಂಗದಲ್ಲಿ ಮಕ್ಕಳು ಕಿರುಚಿ ಕಿರುಚಿ ದಣಿದವು. ಆಮೇಲೆ ಸೇತುವೆ ಬಂತು. ಹಳಿಗಳ ನಡುವೆ ಗ್ಯಾಂಗ್‌ಮನ್‌ಗಳು ಓಡಾಡಲೆಂದು ಹಾಕಿದ್ದ ತಗಡಿನ ಹಾದಿ. ಅದರ ಎರಡೂ ಪಕ್ಕ ಸ್ಲೀಪರುಗಳ ಸಂದಿಯಲ್ಲಿ ಬಹಳ ಕೆಳಗೆ ಹೊಳೆ ಕಾಣುತ್ತಿತ್ತು. ನಾಗರಾಜ ಮಕ್ಕಳನ್ನು ಒಬ್ಬೊಬ್ಬರನ್ನಾಗಿ ಕೈಹಿಡಿದು ದಾಟಿಸಿದ, ಅಣ್ಣನ ಮಕ್ಕಳನ್ನೂ ಬಿಡಲಿಲ್ಲ. ಪಾರ್ವತಮ್ಮ ಶಿವ ಶಿವ ಎನ್ನುತ್ತ ದಾಟಿದರು. ಹಿರಿಯನಾದವನು ಎಲ್ಲರನ್ನೂ ಕಳಿಸಿ ಕೊನೆಗೆ ಹೋಗಬೇಕೆಂದು ಶಿವಲಿಂಗಪ್ಪ ನಿಂತಿದ್ದರು. ಕೊನೆಗೆ ಹೊರಟರು. ನಡುಸೇತುವೆಯವರೆಗೆ ಚೆನ್ನಾಗಿಯೇ ನಡೆದರು. ಅಲ್ಲಿ ನಿಂತರು. ಆಮೇಲೆ ಮೆಲ್ಲಗೆ ಕುಕ್ಕರಗಾಲಲ್ಲಿ ಕೂತು ಹಳಿಯನ್ನು ಗಟ್ಟಿಯಾಗಿ ಹಿಡಿದುಕೊಂಡರು.

ನಾನು ಹತ್ತಿರ ಹೋದೆ, ನನ್ನ ಹಿಂದೆಯೇ ಗಂಗಮ್ಮ. ಮುಖ ಬಿಳಿಚಿತ್ತು, ವಿಭೂತಿಯ ಮೇಲೆ ಬೆವರು ಇಳಿಯುತ್ತಿತ್ತು.

"ಆಗಲ್ಲ ರೈಟ್ರೇ. ಕೆಳಗ್ ನೋಡ್ಬುಟ್ಟೆ. ಕಾಲೇ ಬರ್ತಿಲ್ಲ."

"ಪರ್ವಾಗಿಲ್ಲ ಸಾವ್ಕಾರ್ರೇ, ನನ್ ಕೈ ಹಿಡ್ಕಳಿ. ಹಿಂದಕ್ಕಾದ್ರೂ ಹೋಗಣ."

"ಬ್ಯಾಡ. ಅವ್ನು ನೋಡ್ತಾವ್ನೆ. ಅವ್ನ ಮುಂದೆ ನನ್ನ ಕೈಹಿಡ್ಸಿ ನಡುಸ್ಬ್ಯಾಡ್ರಿ."

ಆ ಕಡೆಯಿಂದ ಮಕ್ಕಳು, "ದೊಡ್ಡಪ್ಪಾ, ಬಾ!" ಎಂದು ಕೂಗತೊಡಗಿದ್ದವು. ನಾನೂ ಗಟ್ಟಿಯಾಗಿ, "ಸಾವ್ಕಾರ್ರು ಹೊಳೆ ನೋಡ್ತಾವ್ರೆ! ಬರ್ತಾರೆ ಇರಿ!" ಎಂದು ಕೂಗಿದೆ. ಸುಳ್ಳು ಚೆನ್ನಾಗಿ ಹೊಂದಿತು ಎನ್ನಿಸಿತು. ಆದರೆ ಒಬ್ಬ ಮನುಷ್ಯ ಎಷ್ಟು ಹೊತ್ತು ಹೊಳೆ ನೋಡಿಯಾನು?

ಈ ಕೆಲಸಕ್ಕೆ ಬರುವವರು ಒಂದು ಮಾತು ನೆನಪಿಡಬೇಕು. ಬಂದ ಮನುಷ್ಯ ಕಾಲು ಮುರಿದುಕೊಂಡರೆ ಪಟ್ಟಿ ಕಟ್ಟಿಸಬಹುದು, ತನ್ನ ಮನೆಯವರ ಕಣ್ಣಮುಂದೆ ಸಣ್ಣವನಾಗಿ ಹೋದರೆ ಅದಕ್ಕೆ ನಮ್ಮ ಹತ್ತಿರ ಮದ್ದಿಲ್ಲ. ನನಗೆ ಆಗ ಹೊಳೆದದ್ದು ನಮ್ಮ ಎಸ್ಟೇಟಿನ ಕಾಲುಸಂಕ. ಮಳೆಗಾಲದಲ್ಲಿ ಹಳ್ಳದ ಮೇಲೆ ಒಂದು ಮರದ ದಿಮ್ಮಿ ಹಾಕಿರುತ್ತೇವೆ. ಹೊಸದಾಗಿ ಕೆಲಸಕ್ಕೆ ಬಂದ ಹೆಂಗಸರು ಬರಿಗೈಯಲ್ಲಿ ಅದನ್ನು ದಾಟಲು ನಡುಗುತ್ತಾರೆ. ಅದೇ ಹೆಂಗಸರ ತಲೆಯ ಮೇಲೆ ಗೊಬ್ಬರದ ಕುಕ್ಕೆ ಇಟ್ಟರೆ ಸಲೀಸಾಗಿ ದಾಟಿಬಿಡುತ್ತಾರೆ. ತಲೆಹೊರೆ ಇದ್ದರೆ ಕತ್ತು ನೆಟ್ಟಗಿರುತ್ತದೆ, ಕಣ್ಣು ಕೆಳಗೆ ಹೋಗುವುದಿಲ್ಲ, ಗಮನವೆಲ್ಲ ಹೊರೆಯ ಮೇಲೆ. ವರ್ಷಗಟ್ಟಲೆ ಇದನ್ನು ನೋಡಿದವನು ನಾನು. ಹಿಂತಿರುಗಿ ಗಂಗಮ್ಮನಿಗೆ ಹೇಳಿದೆ.

"ಗಂಗಮ್ಮ, ನಿನ್ ಕುತ್ತಿಗೆ ನೋಯ್ತೈತಲ್ವಾ?"

"ನನ್ ಕುತ್ತಿಗ್ಗೇನಾಗೈತೆ? ಕಲ್ಲಿದ್ದಂಗೈತೆ."

ಅವಳತ್ತ ಕಣ್ಣು ಬಿಟ್ಟು ಸನ್ನೆ ಮಾಡಿದೆ. ಅವಳು ಕೂತವರನ್ನೊಮ್ಮೆ, ನನ್ನನ್ನೊಮ್ಮೆ ನೋಡಿದಳು.

"ಹ್ಞೂ ಕಣ್ರೀ," ಎಂದು ರಾಗ ತೆಗೆದಳು. "ಹಿಡ್ಕಂಬುಟ್ಟೈತೆ. ಇನ್ನೊಂದ್ ಹೆಜ್ಜೆ ಇಟ್ರೆ ಡಬರಿ ಹೊಳೆ ಪಾಲು."

"ಕೇಳುದ್ರಾ ಸಾವ್ಕಾರ್ರೇ? ಮಕ್ಳ ಊಟವೆಲ್ಲ ಇದ್ರಲ್ಲೇ ಐತೆ. ನನ್ಗೂ ಭುಜ ಉಳುಕೈತೆ. ಆ ಕಡೆ ತಂಕ ನೀವು ಹೊತ್ಕತೀರಾ?"

ಶಿವಲಿಂಗಪ್ಪ ಡಬರಿಯನ್ನು ನೋಡಿದರು. ಅಷ್ಟು ಹೊತ್ತಿನಲ್ಲಿ ಮೊದಲ ಸಲ ಅವರ ಮುಖಕ್ಕೆ ಗೆಲುವು ಬಂತು.

"ಮಂಡೀಲಿ ಮೂಟೆ ಹೊತ್ಕಂಡೇ ಮೇಲ್ ಬಂದೋನು ನಾನು. ಇದೇನ್ ಮಹಾ? ಇಡ್ರಿ ಇಲ್ಲಿ."

ಅವರು ಕೂತ ಹಾಗೇ ಇದ್ದರು. ನನ್ನ ಟವೆಲನ್ನು ಸಿಂಬೆ ಸುತ್ತಿ ತಲೆಯ ಮೇಲಿಟ್ಟೆ. ತಲೆಹೊರೆಯನ್ನು ಹೊರುವವರೇ ಏರಿಸಿಕೊಳ್ಳಲೂ ಆಗುವುದಿಲ್ಲ, ಇಳಿಸಿಕೊಳ್ಳಲೂ ಆಗುವುದಿಲ್ಲ. ಇನ್ನೊಬ್ಬರ ಕೈ ಬೇಕು. ನಾನೂ ಗಂಗಮ್ಮನೂ ಸೇರಿ ಡಬರಿಯನ್ನು ಅವಳ ತಲೆಯಿಂದ ಎತ್ತಿ ಅವರ ತಲೆಗೆ ಇಟ್ಟೆವು. ಅವರು ಒಂದು ಕೈಯಲ್ಲಿ ಡಬರಿ ಹಿಡಿದು, ಇನ್ನೊಂದನ್ನು ಮೊಣಕಾಲಿಗೆ ಊರಿ, ಹಳೆಯ ಹಮಾಲರ ಹಾಗೆ ಒಂದೇ ಸಲಕ್ಕೆ ಎದ್ದು ನಿಂತರು.

"ನನ್ ಬೆನ್ ನೋಡ್ಕಂಡ್ ಬನ್ನಿ" ಎಂದು ಪಕ್ಕದ ಸ್ಲೀಪರಿನ ಮೇಲೆ ಕಾಲಿಟ್ಟು ಅವರನ್ನು ದಾಟಿ ನಾನು ಮುಂದೆ ನಡೆದೆ. ಹಿಂದಿನಿಂದ ಗಂಗಮ್ಮ ಒಂದೇ ಸಮನೆ ಮಾತಾಡುತ್ತಿದ್ದಳು: "ಹುಷಾರು ಸ್ವಾಮಿ, ಬೆಳಗ್ಗೆಯಿಂದ ಮಾಡೀವ್ನಿ. ಚೆಲ್ಲುದ್ರೆ ಮಕ್ಳು ನಿಮ್ಮನ್ನೇ ತಿಂದ್ಬುಡ್ತವೆ." ಧೈರ್ಯವಂತನ ಹಾಗೆ ಮುಂದೆ ಹೊರಟೆ, ಆದರೂ ನಿಜ ಹೇಳುತ್ತೇನೆ, ತಗಡಿನ ಮೇಲೆ ಅವರ ಹೆಜ್ಜೆಯ ಸದ್ದು ಕೇಳಿಸುತ್ತಿದೆಯೇ ಎಂದು ಕಿವಿ ನೆಟ್ಟುಕೊಂಡೇ ನಡೆದೆ. ಸದ್ದು ನಿಲ್ಲಲಿಲ್ಲ.

ಸೇತುವೆ ಮುಗಿಯಿತು. ಮಕ್ಕಳು, "ದೊಡ್ಡಪ್ಪ ಊಟ ತಂದ್ರು!" ಎಂದು ಕುಣಿದವು. ಶಿವಲಿಂಗಪ್ಪ ಹುಲ್ಲಿನ ಮೇಲೆ ಬಂದು ನಿಂತರು, ಎರಡೂ ಕೈ ಡಬರಿಯ ಮೇಲೆ. ಈಗ ಅದನ್ನು ಯಾರಾದರೂ ಇಳಿಸಬೇಕಿತ್ತು. ನನ್ನ ಕೈ ತಾನಾಗಿಯೇ ಮುಂದೆ ಹೋಯಿತು, ಹಿಂದಕ್ಕೆ ಎಳೆದುಕೊಂಡೆ. ಗಂಗಮ್ಮ ಬರುತ್ತಿದ್ದವಳನ್ನು ಕಣ್ಣಲ್ಲೇ ತಡೆದೆ. ಪಾರ್ವತಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದರು. ನಾಗರಾಜ ಆಚೆ ಒಂದು ಬಂಡೆಯ ಮೇಲೆ ಕೂತಿದ್ದ. ಅಣ್ಣನ ಬೆವರು ಕತ್ತಿನಿಂದ ಅಂಗಿಗೆ ಇಳಿಯುತ್ತಿದ್ದದ್ದು ಅವನಿಗೂ ಕಂಡಿರಬೇಕು. ಒಂದು ಗಳಿಗೆ ನೋಡಿದ. ಎದ್ದು ಬಂದ.

"ಅಲ್ಲಾಡ್ಬ್ಯಾಡ ಅಣ್ಣ. ನಾನ್ ಇಳುಸ್ತೀನಿ."

ನನ್ನ ಕಣ್ಣು ತುಂಬಿತು, ಹೇಳಿಕೊಳ್ಳಲಿಕ್ಕೆ ನಾಚಿಕೆಯೇನೂ ಇಲ್ಲ. ಊರಿಗೆ ಹೋದ ಮೇಲೆ ಅವರದ್ದು ಪಾಲಾಯಿತೋ ಇಲ್ಲವೋ ನನಗೆ ತಿಳಿಯದು, ನಾನು ಕೇಳಲೂ ಇಲ್ಲ. ಗಂಗಮ್ಮ ಎಲೆ ಹಂಚತೊಡಗಿದಳು. ನಾಗರಾಜ ತನ್ನ ಎಲೆ ತೆಗೆದುಕೊಂಡು, ಅಭ್ಯಾಸಬಲದಿಂದಲೋ ಏನೋ, ಮತ್ತೆ ಆ ಬಂಡೆಯ ಕಡೆ ತಿರುಗಿದ. ಶಿವಲಿಂಗಪ್ಪ ಹುಲ್ಲಿನ ಮೇಲೆ ಕೂತವರು ಕರೆದರು.

"ಲೋ ನಾಗ. ನಾನು ಹೊಳೆ ನೋಡ್ತಿರ್ಲಿಲ್ಲ ಕಣೋ. ಹೆದರ್ಕಂಡ್ ಕೂತ್ಬುಟ್ಟಿದ್ದೆ. ಕಾಲು ಇನ್ನೂ ನಡುಗ್ತಾವೆ. ಇಲ್ಲೇ ಪಕ್ಕದಲ್ಲಿ ಕೂತ್ಕೊ."

"ಗೊತ್ತಿತ್ತು ಕಣಣ್ಣ" ಎಂದು ನಾಗರಾಜ ಎಲೆ ಹಿಡಿದುಕೊಂಡು ಬಂದು ಪಕ್ಕದಲ್ಲಿ ಕೂತ.